ಸೊಂಟ ಮುರಿದಾಗ ರಕ್ತ ಎಲ್ಲಿಗೆ ಹೋಗುತ್ತದೆ?

ವಯಸ್ಕರ ಮೈಯಲ್ಲಿರುವುದು ಸುಮಾರು 5 ಲೀಟರ್ ರಕ್ತ. ಸೊಂಟದ ಮೂಳೆಗಳು ಬಳೆಯಂತೆ ಕೂಡಿಕೊಂಡಿರುವ ಪೆಲ್ವಿಸ್ ಅಪಘಾತದಲ್ಲಿ ಒಡೆದರೆ ಆ ರಕ್ತದಲ್ಲಿ ಅರ್ಧದಷ್ಟು ಒಳಗೇ ಸೋರಿಹೋಗಬಹುದು. ಹೊರಗೆ ಕಾಣುವುದು ಬಿಳಿಚಿದ ಮುಖ, ತಣ್ಣನೆಯ ಬೆವರು, ಓಡುವ ನಾಡಿ ಇಷ್ಟೇ.

ಹೆಚ್ಚಾಗಿ ಸೋರುವುದು ಹಿಂಭಾಗದಲ್ಲಿ ಹೆಣೆದುಕೊಂಡಿರುವ ತೆಳುಗೋಡೆಯ ಅಭಿಧಮನಿಗಳಿಂದ, ಮುರಿದ ಮೂಳೆಯ ತುದಿಗಳಿಂದ. ಅಲ್ಲಿ ಒತ್ತಡ ಕಡಿಮೆ. ಮೂಳೆಗಳು ಹತ್ತಿರವಾಗಿ, ಅಲುಗಾಡದೆ ನಿಂತರೆ ರಕ್ತ ಹೆಪ್ಪುಗಟ್ಟಿ ಸೋರಿಕೆ ತಗ್ಗುತ್ತದೆ. ಅಲುಗಾಡಿಸಿದರೆ ಕಟ್ಟಿದ ಹೆಪ್ಪೂ ಕಿತ್ತುಬರುತ್ತದೆ. ಗಾಯಾಳುವಿನ ಕೈಕಾಲು ಹಿಡಿದೆತ್ತಿ ಆಟೋದಲ್ಲಿ ಕೂರಿಸುವ ನಮ್ಮ ರೂಢಿಯ ಹಿಂದೆ ಕಾಳಜಿಯೇನೋ ಇದೆ, ಆದರೆ ಈ ಪೆಟ್ಟಿಗೆ ಅದು ತೀರಾ ಅಪಾಯ. ಬಿದ್ದ ಜಾಗವೇ ಅಪಾಯದ್ದಲ್ಲದಿದ್ದರೆ ಮಲಗಿದಲ್ಲೇ ಬಿಡಿ, 108ಕ್ಕೆ ಕರೆ ಮಾಡಿ. ರಕ್ತ ಹೊರಗೆ ಸುರಿಯುವ ಕಡೆ ಬಟ್ಟೆಯಿಟ್ಟು ಗಟ್ಟಿಯಾಗಿ ಒತ್ತಿಹಿಡಿಯಿರಿ. ಮೈಗೆ ಹೊದಿಕೆ ಹಾಕಿ. ಮೈ ತಣ್ಣಗಾದರೆ ರಕ್ತ ಹೆಪ್ಪುಗಟ್ಟುವುದೂ ನಿಧಾನ.

ತರಬೇತಿ ಪಡೆದವರು ಬಂದು ಕಟ್ಟುವುದು ಪೆಲ್ವಿಕ್ ಬೈಂಡರ್ ಎಂಬ ಅಗಲವಾದ ಪಟ್ಟಿ. ಅದಿಲ್ಲದಿದ್ದರೆ ಮಡಿಸಿದ ಬೆಡ್‌ಶೀಟೂ ಆದೀತು. ಕಟ್ಟುವ ಜಾಗ ಮಾತ್ರ ತಪ್ಪಬಾರದು. ಪಂಚೆ ಉಡುವ ಮಟ್ಟದಲ್ಲಿ ಬಿಗಿದರೆ ಒಡೆದ ಪೆಲ್ವಿಸ್ ಕೂಡಿಕೊಳ್ಳುವುದಿಲ್ಲ. ಇನ್ನೂ ಕೆಳಗೆ, ತೊಡೆಮೂಳೆಯ ಮೇಲ್ತುದಿಯ ಉಬ್ಬು ಎರಡೂ ಪಕ್ಕ ಕೈಗೆ ಸಿಗುವಲ್ಲಿ ಪಟ್ಟಿ ಬರಬೇಕು. ಜೊತೆಗೆ ಮೊಣಕಾಲುಗಳನ್ನೂ ಪಾದಗಳನ್ನೂ ಜೋಡಿಸಿ ಕಟ್ಟುತ್ತಾರೆ. ಮುರಿದಿದೆಯೇ ಎಂದು ಸೊಂಟವನ್ನು ಒತ್ತಿ, ಅಗಲಿಸಿ ನೋಡುವ ಹಳೆಯ ಪರೀಕ್ಷೆ ಬೇಡವೇ ಬೇಡ. ಅನುಮಾನ ಬಂದರೆ ಮೊದಲು ಕಟ್ಟುವುದು, ಎಕ್ಸ್‌ರೇ ಆಮೇಲೆ.

ಇಲ್ಲಿಂದ ಮುಂದೆ ಗಡಿಯಾರದ ಲೆಕ್ಕ. ಟ್ರಾನೆಕ್ಸಾಮಿಕ್ ಆಸಿಡ್ ಎಂಬ ಅಗ್ಗದ ಇಂಜೆಕ್ಷನ್ ಕಟ್ಟಿದ ಹೆಪ್ಪು ಕರಗದಂತೆ ತಡೆಯುತ್ತದೆ. 2010ರಲ್ಲಿ ಪ್ರಕಟವಾದ ಕ್ರ್ಯಾಶ್-2 ಅಧ್ಯಯನ 20,000ಕ್ಕೂ ಹೆಚ್ಚು ಗಾಯಾಳುಗಳಲ್ಲಿ ಇದನ್ನು ಪರೀಕ್ಷಿಸಿತು. ಪೆಟ್ಟಾದ 3 ಗಂಟೆಯೊಳಗೆ ಕೊಟ್ಟರೆ ಜೀವ ಉಳಿಸುತ್ತದೆ. ಆ ಅವಧಿ ಮೀರಿದರೆ ಕೆಡುಕೂ ಆಗಬಹುದು. ಬಾಟಲಿಗಟ್ಟಲೆ ಸಲೈನ್ ಏರಿಸುವುದೂ ಒಳ್ಳೆಯದಲ್ಲ, ಅದು ಉಳಿದ ರಕ್ತವನ್ನು ತೆಳುವಾಗಿಸುತ್ತದೆ. ಹೋದದ್ದು ರಕ್ತ, ಕೊಡಬೇಕಾದದ್ದೂ ರಕ್ತವೇ: ಕೆಂಪು ಕಣ, ಪ್ಲಾಸ್ಮಾ, ಪ್ಲೇಟ್‌ಲೆಟ್ ಮೂರನ್ನೂ ಸರಿಸುಮಾರು ಸಮನಾಗಿ.

ಇಷ್ಟಾದರೂ ಬಿ.ಪಿ. ಏರದಿದ್ದರೆ ಆಪರೇಷನ್ ಥಿಯೇಟರ್‌ನಲ್ಲಿ ಹೊಟ್ಟೆಯ ಕೆಳಭಾಗವನ್ನು ತೆರೆದು ಸೋರುವ ಜಾಗಕ್ಕೆ ಬಟ್ಟೆಯ ಪ್ಯಾಡ್‌ಗಳನ್ನು ಒತ್ತಿ ತುಂಬುತ್ತಾರೆ. ಒಡೆದದ್ದು ಅಪಧಮನಿಯಾದರೆ, ತೊಡೆಸಂದಿನಿಂದ ಸಣ್ಣ ಕೊಳವೆ ತೂರಿಸಿ ಒಳಗಿನಿಂದಲೇ ಅದನ್ನು ಮುಚ್ಚುತ್ತಾರೆ.