ಆಂಬುಲೆನ್ಸ್ ಬರುವ ಮುನ್ನ

ಕೋಲ್ಕತ್ತದ ಜಾದವ್‌ಪುರಕ್ಕೆ ಹತ್ತಿರದ ಢಾಕುರಿಯಾದಲ್ಲಿ 2011ರ ಡಿಸೆಂಬರ್ 9ರ ನಸುಕಿನಲ್ಲಿ ಎಎಂಆರ್‌ಐ ಆಸ್ಪತ್ರೆಯ ನೆಲಮಾಳಿಗೆಗೆ ಬೆಂಕಿ ಬಿತ್ತು. ಹೊಗೆ ಮಹಡಿಗಳಿಗೇರಿ ಸುಮಾರು ತೊಂಬತ್ತು ಜನ ಸತ್ತರು. ಅವರಲ್ಲಿ ಹೆಚ್ಚಿನವರು ಹಾಸಿಗೆ ಬಿಟ್ಟು ಏಳಲಾಗದ ರೋಗಿಗಳು. ಆ ಹೊತ್ತಿನಲ್ಲಿ ಮೊದಲು ಓಡಿಬಂದವರು ಪಕ್ಕದ ಪಂಚಾನನತಲಾ ಕೊಳಗೇರಿಯ ನಿವಾಸಿಗಳು. ಅನಾಹುತ ಎಲ್ಲೇ ಆಗಲಿ, ಮೊದಲು ಚಾಚುವುದು ನೆರೆಯವರ ಕೈ. ಆ ಕೈಗೆ ವಿದ್ಯೆ ಕಲಿಸುವುದೇ ತನ್ನ ಕೆಲಸ ಎಂದುಕೊಂಡ ಸಂಸ್ಥೆಯೊಂದರ ಬೇರು, ಅಚ್ಚರಿಯೆನಿಸಿದರೂ, ಶಿಲುಬೆಯುದ್ಧಗಳ ಕಾಲದ ಜೆರುಸಲೇಮಿನಲ್ಲಿದೆ. ಅದು ಸೇಂಟ್ ಜಾನ್ ಆಂಬುಲೆನ್ಸ್.

ಜೆರುಸಲೇಮಿನ ಯಾತ್ರಿಕರ ಆಸ್ಪತ್ರೆಯೊಂದನ್ನು ನಡೆಸುತ್ತಿದ್ದ ಸೇವಕರ ಬಳಗಕ್ಕೆ 1113ರಲ್ಲಿ ಪೋಪ್ ಎರಡನೆಯ ಪಾಸ್ಕಲ್ ಮನ್ನಣೆ ಕೊಟ್ಟರು. ಮುಂದೆ ಅದು ಖಡ್ಗ ಹಿಡಿದ ವೀರಸಂಘವಾಗಿ ರೋಡ್ಸ್, ಮಾಲ್ಟಾ ದ್ವೀಪಗಳನ್ನು ಆಳಿತು. 1798ರಲ್ಲಿ ನೆಪೋಲಿಯನ್ ಮಾಲ್ಟಾವನ್ನು ಕಸಿದುಕೊಂಡ. ಇಂಗ್ಲೆಂಡಿನ ಶಾಖೆಯನ್ನು ಎಂಟನೆಯ ಹೆನ್ರಿ 1540ರಲ್ಲೇ ಮುಚ್ಚಿಸಿದ್ದ. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿ ಅದು ಮತ್ತೆ ತಲೆಯೆತ್ತಿತು, 1888ರಲ್ಲಿ ವಿಕ್ಟೋರಿಯಾ ರಾಣಿಯ ಸನ್ನದು ಪಡೆಯಿತು. ಆದರೆ ಅದಕ್ಕೆ ನಿಜವಾದ ಮರುಹುಟ್ಟು ಬಂದದ್ದು 1877ರಲ್ಲಿ. ಗಣಿ, ರೈಲು, ಕಾರ್ಖಾನೆಗಳಲ್ಲಿ ಗಾಯಗೊಂಡವರು ವೈದ್ಯರು ಬರುವಷ್ಟರಲ್ಲಿ ಪ್ರಾಣ ಬಿಡುತ್ತಿದ್ದ ಆ ದಿನಗಳಲ್ಲಿ, ಸಾಮಾನ್ಯ ಕೆಲಸಗಾರರಿಗೇ ಪ್ರಥಮ ಚಿಕಿತ್ಸೆ ಕಲಿಸಲು ಸೇಂಟ್ ಜಾನ್ ಆಂಬುಲೆನ್ಸ್ ಅಸೋಸಿಯೇಷನ್ ಶುರುವಾಯಿತು. ಸಂಘಕ್ಕೆ ಮರಳಿ ಜೀವ ಕೊಟ್ಟದ್ದು ವಂಶಾವಳಿಯಲ್ಲ, ಈ ಕಲಿಕೆ.

ಇಂಥ ಕ್ರೈಸ್ತ, ವಸಾಹತು ಕಾಲದ ಸಂಸ್ಥೆ ನಮಗೇಕೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ, ಆಂಗ್ಲರ ಆಳ್ವಿಕೆಯಲ್ಲೇ ಅದು ಇಲ್ಲಿಗೆ ಬಂತು, ಎಂಟು ಮೊನೆಯ ಶಿಲುಬೆ ಇಂದಿಗೂ ಅದರ ಗುರುತು. ಆದರೆ ಸ್ವತಂತ್ರವಾದ ಮೇಲೆ ಭಾರತ ಇದರಲ್ಲಿ ಕಾಳನ್ನು ಉಳಿಸಿಕೊಂಡು ಜೊಳ್ಳನ್ನು ತೂರಿತು. ಬಿರುದುಗಳಿಗೆ ಸಂವಿಧಾನದ 18ನೆಯ ವಿಧಿ ತೆರೆ ಎಳೆಯಿತು, ತರಬೇತಿ ಮುಂದುವರಿಯಿತು. 1948ರ ಕಾರ್ಖಾನೆ ಕಾಯ್ದೆಯ 45ನೆಯ ಕಲಮು ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯನ್ನು ಪ್ರಮಾಣಪತ್ರ ಪಡೆದವರ ವಶದಲ್ಲೇ ಇಡಬೇಕೆಂದಿತು. ರಕ್ತ ನಿಲ್ಲಿಸಲು ಗಾಯವನ್ನು ಒತ್ತಿ ಹಿಡಿಯುವ ಕೈಗೆ ಮತವಿಲ್ಲ.

108ಕ್ಕೆ ಕರೆ ಮಾಡಿದರೆ ಆಂಬುಲೆನ್ಸ್ ಬರುತ್ತದಲ್ಲ ಎಂಬುದು ಇನ್ನೊಂದು ಆಕ್ಷೇಪ. ಬರುತ್ತದೆ, ಬರಲೇಬೇಕು. ಆದರೆ ಹೃದಯ ನಿಂತ ಕೆಲವೇ ನಿಮಿಷಗಳಲ್ಲಿ ಮೆದುಳಿಗೆ ಹಾನಿ ಶುರುವಾಗುತ್ತದೆ. ನಗರದ ದಟ್ಟಣೆಯಲ್ಲಿ ಯಾವ ವಾಹನವೂ ಅಷ್ಟು ಬೇಗ ತಲುಪಲಾರದು. ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಬಾರಿ, ಐದಾರು ಸೆಂಟಿಮೀಟರ್ ಆಳಕ್ಕೆ ಒತ್ತಬಲ್ಲ ಒಬ್ಬರು ಪಕ್ಕದಲ್ಲಿದ್ದರೆ ಮಾತ್ರ ಆ ಅಂತರ ತುಂಬೀತು. ನೆರವಾದರೆ ತೊಂದರೆ ಎಂಬ ಭಯವೂ ಇದೆ. ರಸ್ತೆ ಅಪಘಾತದಲ್ಲಿ ನೆರವಿಗೆ ಬಂದವರನ್ನು ಪೊಲೀಸು, ಕೋರ್ಟಿನ ಅಲೆದಾಟದಿಂದ ಕಾಯುವ ಮಾರ್ಗಸೂಚಿಗೆ ಸುಪ್ರೀಂ ಕೋರ್ಟ್ 2016ರಲ್ಲಿ ಕಾನೂನಿನ ಬಲ ಕೊಟ್ಟಿತು. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ಅದನ್ನು ಗಟ್ಟಿ ಮಾಡಿತು. ಭಯವನ್ನು ಕಾನೂನು ಕಳೆಯಬಲ್ಲದು, ಕೌಶಲವನ್ನು ತುಂಬಲಾರದು.

ಉಳಿಯುವುದು ಒಂದೇ ಗಂಭೀರ ಆಕ್ಷೇಪ: ತರಬೇತಿ ಎಷ್ಟೋ ಕಡೆ ಬರಿಯ ಕಾಗದವಾಗಿದೆ, ಕೆಲಸಕ್ಕೋ ಲೈಸೆನ್ಸಿಗೋ ಬೇಕಾದ ಸರ್ಟಿಫಿಕೇಟಾಗಿದೆ ಎಂಬುದು. ಇದಕ್ಕೆ ಮದ್ದು ಸಂಸ್ಥೆಯನ್ನು ಕೈಬಿಡುವುದಲ್ಲ, ಅದನ್ನು 1877ರ ಉದ್ದೇಶಕ್ಕೆ ಮರಳಿಸುವುದು. ಕೊಳಗೇರಿ, ಆಟೊ ಸ್ಟ್ಯಾಂಡ್, ಸಂತೆ, ಪ್ರೌಢಶಾಲೆಗಳಲ್ಲಿ ಗೊಂಬೆಯ ಎದೆ ಒತ್ತಿಸಿ, ಬ್ಯಾಂಡೇಜು ಕಟ್ಟಿಸಿ ಕಲಿಸಬೇಕು, ಆಗಾಗ ಮತ್ತೆ ಮಾಡಿಸಿ ನೋಡಬೇಕು. ಮೊದಲು ಓಡಿಬರುವವರು ಅಲ್ಲಿಯವರೇ ಆದ್ದರಿಂದ, ಮೊದಲು ಕಲಿಯುವ ಹಕ್ಕೂ ಅವರದೇ.