ಹಾಡಿನ ಮೂಲಕ ಇಂಗ್ಲಿಷ್ ಬೋಧನೆ: ಒಂದು ವಿವೇಚನೆ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳಿಂದ ಕಾಲೇಜಿಗೆ ಬರುವವರಲ್ಲಿ ಅನೇಕರು ಕನ್ನಡ ಮಾಧ್ಯಮದಲ್ಲಿ ಓದಿದವರು. ಅವರು ಇಂಗ್ಲಿಷನ್ನು ಕಣ್ಣಿನಿಂದ ಬಲ್ಲರು, ಕಿವಿಯಿಂದ ಅರಿಯರು. ಪರೀಕ್ಷೆಯಲ್ಲಿ ತೇರ್ಗಡೆಯಾದವರೂ ತರಗತಿಯಲ್ಲಿ ಬಾಯಿ ತೆರೆಯಲು ಅಳುಕುತ್ತಾರೆ. ಇತಿಹಾಸವನ್ನು ಬೋಧಿಸುವ ನಮಗೂ ಇದು ಪರರ ಚಿಂತೆಯಲ್ಲ. ನಮ್ಮ ವಿಷಯದ ಉನ್ನತ ವ್ಯಾಸಂಗದ ಗ್ರಂಥಗಳು ಬಹುಮಟ್ಟಿಗೆ ಇಂಗ್ಲಿಷಿನಲ್ಲಿಯೇ ಇವೆ. ಇಂಥವರಿಗೆ ಹಾಡಿನ ಮೂಲಕ ಭಾಷೆಯನ್ನು ಕಲಿಸುವ ಕ್ರಮದ ಬಲವೇನು, ಮಿತಿಯೇನು ಎಂಬುದನ್ನು ಇಲ್ಲಿ ವಿವೇಚಿಸುತ್ತೇವೆ.

ಮೊದಲು ಬಲವನ್ನು ನೋಡೋಣ. ಈ ಸೀಮೆಯಲ್ಲಿ ತುಳು, ಕೊಂಕಣಿ, ಮಲೆಯಾಳಗಳನ್ನು ಮನೆಮಾತಾಗಿ ಉಳ್ಳವರೂ ಇದ್ದಾರೆ. ಅವರ ಮಕ್ಕಳು ಕನ್ನಡವನ್ನು ವ್ಯಾಕರಣದಿಂದಲ್ಲ, ಕೇಳಿ ಕಲಿತವರು. ಇಂಗ್ಲಿಷಿಗೆ ಮಾತ್ರ ಈ ದಾರಿ ಮುಚ್ಚಿದೆ. ಹಾಡು ಅದನ್ನು ತೆರೆಯುತ್ತದೆ. ವ್ಯಂಜನಾಂತ ಪದಕ್ಕೆ ಸ್ವರವನ್ನು ಸೇರಿಸಿ ಬಸ್ಸು, ಕಾರು, ಬುಕ್ಕು ಎನ್ನುವುದು ಕನ್ನಡಿಗರ ರೂಢಿ. ಹಾಡುವಾಗ ಹೀಗೆ ಒಂದು ಅಕ್ಷರ ಹೆಚ್ಚಿದರೆ ತಾಳ ತಪ್ಪುತ್ತದೆ. ತಿದ್ದಲು ಬೇರೊಬ್ಬರು ಬೇಕಾಗಿಲ್ಲ. ಮೇಲಾಗಿ ನಮ್ಮ ಛಂದಸ್ಸು ಮಾತ್ರೆಗಳನ್ನು ಎಣಿಸಿದರೆ, ಇಂಗ್ಲಿಷಿನದು ಒತ್ತನ್ನು ಅವಲಂಬಿಸಿದೆ. ಒತ್ತು ಬಿದ್ದ ಅಕ್ಷರ ನಿಲ್ಲುತ್ತದೆ, ಉಳಿದವು ಮೆಲ್ಲನೆ ಸರಿಯುತ್ತವೆ. ಸೂತ್ರರೂಪದಲ್ಲಿ ಹೇಳಿದಾಗ ಹಿಡಿತಕ್ಕೆ ಸಿಕ್ಕದ ಈ ಭೇದ ಚಪ್ಪಾಳೆ ತಟ್ಟುತ್ತ ಹಾಡಿದಾಗ ಸುಲಭವಾಗಿ ತಿಳಿಯುತ್ತದೆ.

ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದ ಬಿ. ಎಂ. ಶ್ರೀಕಂಠಯ್ಯನವರು 'ಇಂಗ್ಲಿಷ್ ಗೀತಗಳು' (1926) ಕೃತಿಯಲ್ಲಿ ಎದುರಿಸಿದುದೂ ಇದೇ ಭೇದವನ್ನು. ಆ ಪದ್ಯಗಳನ್ನು ಮೂಲದೊಡನೆ ಜೋಡಿಸಿ ಓದಿಸಿದರೆ, ಎರಡು ಭಾಷೆಗಳ ನಡೆಯೂ ವಿದ್ಯಾರ್ಥಿಗೆ ಏಕಕಾಲದಲ್ಲಿ ವೇದ್ಯವಾಗುತ್ತದೆ. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಜನಿಸಿದ ಕುವೆಂಪು ಅವರ ಮೊದಲ ಕವನಸಂಕಲನ 'ಬಿಗಿನರ್ಸ್ ಮ್ಯೂಸ್' (1922) ಇಂಗ್ಲಿಷಿನದು ಎಂಬುದನ್ನೂ ಸ್ಮರಿಸಬಹುದು. ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರ ಸಲಹೆಯ ತರುವಾಯ ಅವರು ಕನ್ನಡದತ್ತ ತಿರುಗಿದರು. ಪರಭಾಷೆಯ ಪದ್ಯಾಭ್ಯಾಸ ಸ್ವಭಾಷೆಗೆ ಹಾನಿಯೆಂದು ಭಾವಿಸಬೇಕಾಗಿಲ್ಲ.

ಇನ್ನು ಮಿತಿ. ಹಾಡು ಅರ್ಥವಿಲ್ಲದೆಯೂ ಬಾಯಿಗೆ ಬರುತ್ತದೆ. ಪ್ರಾಸಕ್ಕಾಗಿ ಪದಗಳು ಸ್ಥಾನ ಬದಲಿಸುತ್ತವೆ. ರಾಗದ ಎಳೆತದಲ್ಲಿ ಒಂದರೊಡನೊಂದು ಬೆಸೆದುಹೋಗುತ್ತವೆ. ಈ ತೊಡಕಿಗೆ ಪರಿಹಾರ ನಮ್ಮ ನೆರೆಯಲ್ಲಿಯೇ ಇದೆ. ಶೃಂಗೇರಿಯಂಥ ವಿದ್ಯಾಕೇಂದ್ರಗಳು ಕಾಪಾಡಿಕೊಂಡು ಬಂದಿರುವ ವೇದಾಧ್ಯಯನ ಪದ್ಧತಿ ಸಂಹಿತಾಪಾಠಕ್ಕೇ ನಿಲ್ಲುವುದಿಲ್ಲ. ಸಂಧಿಯನ್ನು ಬಿಡಿಸಿ ಪದಪಾಠ, ಪದಗಳನ್ನು ಎರಡೆರಡಾಗಿ ಜೋಡಿಸಿ ಕ್ರಮಪಾಠ, ಹೀಗೆ ಮುಂದುವರಿಯುತ್ತದೆ. ಕಂಠಪಾಠಕ್ಕೆ ಅಗ್ರಸ್ಥಾನವಿತ್ತ ಪರಂಪರೆಯೇ ಪದವಿಭಾಗವನ್ನು ಕಡ್ಡಾಯ ಮಾಡಿತೆಂಬುದು ಗಮನಾರ್ಹ.

ಇಂಗ್ಲಿಷ್ ಹಾಡಿಗೂ ಇದೇ ಕ್ರಮ ಸಲ್ಲುತ್ತದೆ. ಮೊದಲು ಕೇಳಿಸಬೇಕು, ಬಳಿಕ ಎಲ್ಲರೂ ಕೂಡಿ ಹಾಡಬೇಕು, ಅನಂತರ ಪದಪದವಾಗಿ ಬಿಡಿಸಿ, ಗದ್ಯದ ಅನ್ವಯಕ್ಕೆ ತಂದು, ಅದೇ ಮಾದರಿಯ ಸ್ವಂತ ವಾಕ್ಯವೊಂದನ್ನು ಪ್ರತಿಯೊಬ್ಬರಿಂದಲೂ ಹೇಳಿಸಬೇಕು. ಹಾಡು ಚಿಕ್ಕದಾಗಿರಲಿ, ಅದರಲ್ಲಿ ವಾಕ್ಯಗಳು ಮರಳಿ ಮರಳಿ ಬರುವಂತಿರಲಿ. ಅಧ್ಯಾಪಕರು ಗಾಯಕರಾಗಿರಬೇಕೆಂಬ ನಿರ್ಬಂಧವಿಲ್ಲ. ಭಜನೆಯಲ್ಲಿ ದನಿಗೂಡಿಸಿದ, ಯಕ್ಷಗಾನವನ್ನು ರಾತ್ರಿಯಿಡೀ ಆಲಿಸಿದ ಮಲೆನಾಡಿನ ವಿದ್ಯಾರ್ಥಿಗೆ ಕಿವಿಯ ಸಂಸ್ಕಾರ ಮೊದಲೇ ಇದೆ. ಹಾಡು ಅವನ ಅಳುಕನ್ನು ಕಳೆಯಬಲ್ಲದು. ವಾಕ್ಯವನ್ನು ಕಟ್ಟಿಸುವ ಹೊಣೆ ಮಾತ್ರ ನಮ್ಮದಾಗಿಯೇ ಉಳಿಯುತ್ತದೆ.