ಮೋಟಾರು ಸೈಕಲ್ಲಿನ ಮುಂಗಾಲಿಯ ಬಿರಿ

ಸಮುದ್ರಮಟ್ಟದಿಂದ 4,851 ಅಡಿ ಎತ್ತರದ ನಂದಿಬೆಟ್ಟವನ್ನು ಇಳಿಯುವ ತಿರುವು ಹಾದಿಯಲ್ಲಿ ಮೋಟಾರು ಸೈಕಲ್ಲನ್ನು ಓಡಿಸುವುದಕ್ಕಿಂತ ತಡೆಯುವುದೇ ಹೆಚ್ಚಿನ ಕೆಲಸವಾಗುತ್ತದೆ. ಚಿಕ್ಕಬಳ್ಳಾಪುರದ ಹೆದ್ದಾರಿಯಲ್ಲಿ ಹೂವಿನ ಮೂಟೆ ಹೇರಿಕೊಂಡು ಸಾಗುವವನಿಗೂ, ಶಿಡ್ಲಘಟ್ಟದ ಮಾರುಕಟ್ಟೆಗೆ ರೇಷ್ಮೆಗೂಡು ತರುವ ರೈತನಿಗೂ, ಮಗುವನ್ನು ಹಿಂದೆ ಕೂರಿಸಿಕೊಂಡು ಶಾಲೆಗೆ ಬರುವ ತಂದೆಗೂ ಜೀವವನ್ನು ಕಾಯುವುದು ಗಾಲಿಯೊಳಗೆ ಅಡಗಿರುವ ಎರಡು ಅರ್ಧಚಂದ್ರಾಕಾರದ ತುಂಡುಗಳು. ಅವು ಸವೆದಿರುವುದು ಕಣ್ಣಿಗೆ ಬೀಳುವುದಿಲ್ಲವಾದ್ದರಿಂದ ಅನೇಕರು ಅವುಗಳನ್ನು ಮರೆತೇ ಇರುತ್ತಾರೆ.

ಈ ಸಾಧನಕ್ಕೆ ವಿದ್ವಾಂಸರು ಗತಿರೋಧಕವೆಂದು ಹೆಸರಿಟ್ಟರು. ಗಾಡಿ ಹೊಡೆಯುವವರು ಬಿರಿ ಎಂದರು. ಬಳಕೆಯಲ್ಲಿ ಗೆದ್ದದ್ದು ಬ್ರೇಕು. ಆದರೂ ಬಿರಿ ಎಂಬ ಮಾತು ಚಿಕ್ಕದು, ನಾಲಗೆಗೆ ಹಗುರವಾದುದು. ಅದನ್ನು ಕೈಬಿಡಲು ಕಾರಣವಿಲ್ಲ.

ಮುಂದಿನ ಬಿರಿಯನ್ನು ಹಿಡಿದರೆ ತಲೆಕೆಳಗಾಗಿ ಬೀಳುವುದು ನಿಶ್ಚಯವೆಂಬ ನಂಬಿಕೆ ನಮ್ಮ ಸೀಮೆಯಲ್ಲಿ ಬಲವಾಗಿದೆ. ಇದರಿಂದ ಅದನ್ನು ಬೇಕೆಂದೇ ಸಡಿಲವಾಗಿಟ್ಟು, ಹಿಂಬದಿಯ ಪೆಡಲನ್ನೊಂದೇ ನೆಚ್ಚಿಕೊಳ್ಳುವವರುಂಟು. ನಂಬಿಕೆಯಲ್ಲಿ ಅರ್ಧ ಸತ್ಯವಿದೆ. ಮರಳು ಚೆಲ್ಲಿದ ಕಡೆ, ಕೆಸರಿನಲ್ಲಿ ಅಥವಾ ಹ್ಯಾಂಡಲು ಹೊರಳಿಸಿರುವಾಗ ಹಠಾತ್ತನೆ ಹಿಡಿದರೆ ಮುಂಗಾಲಿ ಜಾರುವುದು ನಿಜ. ಆದರೆ ಒಣಗಿದ, ನೇರವಾದ ರಸ್ತೆಯಲ್ಲಿ ಸಂಗತಿಯೇ ಬೇರೆ. ಬಸ್ಸು ನಿಲ್ಲುವಾಗ ನಿಂತ ಪ್ರಯಾಣಿಕರೆಲ್ಲ ಮುಂದಕ್ಕೆ ವಾಲುವರಷ್ಟೆ? ಅದೇ ರೀತಿ ವಾಹನವನ್ನು ತಡೆದೊಡನೆ ಅದರ ಭಾರ ಮುಂಗಾಲಿಯ ಮೇಲೆ ಒರಗುತ್ತದೆ, ಹಿಂಗಾಲಿ ಹಗುರಾಗುತ್ತದೆ. ಹಗುರಾದ ಗಾಲಿಗೆ ನೆಲದ ಹಿಡಿತ ಕಡಿಮೆ. ಅದನ್ನು ಎಷ್ಟು ಒತ್ತಿದರೂ ಉಜ್ಜಿಕೊಂಡು ಹೋದೀತೇ ಹೊರತು ಬೇಗನೆ ನಿಲ್ಲದು. ಗಂಟೆಗೆ 40 ಕಿಲೋಮೀಟರು ವೇಗವೆಂದರೆ ಸೆಕೆಂಡಿಗೆ ಸುಮಾರು 11 ಮೀಟರು. ವೇಗ ಎರಡರಷ್ಟಾದರೆ ನಿಲ್ಲಲು ಬೇಕಾಗುವ ದೂರ ನಾಲ್ಕರಷ್ಟಾಗುತ್ತದೆ. ಈ ಲೆಕ್ಕವನ್ನು ಬಲ್ಲವರು ಮುಂದಿನ ಬಿರಿಯನ್ನು ಕೆಡಲು ಬಿಡಲಾರರು.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1960ರ ದಶಕದ ಆದಿಯಿಂದ ತಯಾರಾದ ಜಾವಾ, 1973ರಿಂದ ಬಂದ ಯೆಜ್ದಿ ಗಾಡಿಗಳು ಇಂದಿಗೂ ಕೆಲವರ ಮನೆಯಲ್ಲಿ ಪ್ರೀತಿಪಾತ್ರವಾಗಿ ಉಳಿದಿವೆ. ಕಾರ್ಖಾನೆ 1996ರಲ್ಲಿ ಮುಚ್ಚಿತು. ಆ ಎರಡು ಸ್ಟ್ರೋಕಿನ ಎಂಜಿನ್ನು ಇಳಿಜಾರಿನಲ್ಲಿ ಗಾಡಿಯನ್ನು ಹಿಡಿದು ನಿಲ್ಲಿಸುವುದು ಅತ್ಯಲ್ಪ. ಆದುದರಿಂದ ಅವುಗಳಲ್ಲಿ ಬಿರಿಯ ಮೇಲಿನ ಹೊರೆ ಇನ್ನೂ ಹೆಚ್ಚು.

ಡ್ರಮ್ಮಿನ ಬಿರಿಯ ರಚನೆ ಸರಳವಾದುದು. ಗಾಲಿಯೊಡನೆ ತಿರುಗುವ ಡ್ರಮ್ಮಿನ ಒಳಗೆ, ತಿರುಗದ ಒಂದು ಫಲಕದ ಮೇಲೆ, ಎರಡು ಶೂಗಳು ಕುಳಿತಿರುತ್ತವೆ. ಒಂದು ತುದಿಯಲ್ಲಿ ಅವಕ್ಕೆ ಆಧಾರದ ಗೂಟ. ಇನ್ನೊಂದು ತುದಿಯಲ್ಲಿ ಕ್ಯಾಮೆಂಬ ಚಪ್ಪಟೆಯಾದ ಕಡ್ಡಿ. ಲಿವರನ್ನು ಹಿಡಿದಾಗ ಕೇಬಲು ಕ್ಯಾಮನ್ನು ತಿರುಗಿಸಿ ಶೂಗಳನ್ನು ಅಗಲಿಸುತ್ತದೆ; ಬಿಟ್ಟಾಗ ಸ್ಪ್ರಿಂಗುಗಳು ಅವನ್ನು ಹಿಂದಕ್ಕೆ ಸೆಳೆಯುತ್ತವೆ. ಶೂವಿನ ಮೇಲಿನ ಲೈನರು ಸಾಮಾನ್ಯವಾಗಿ 2 ಮಿಲಿಮೀಟರಿಗೆ ಇಳಿದರೆ ಬದಲಿಸುವ ಕಾಲ ಬಂದಂತೆ. ಅನೇಕ ಗಾಡಿಗಳಲ್ಲಿ ಫಲಕದ ಹೊರಗೇ ಬಾಣದ ಗುರುತಿದ್ದು, ಬಿರಿ ಹಿಡಿದಾಗ ಅದು ಮಿತಿಯನ್ನು ಮುಟ್ಟಿತೇ ಎಂದು ನೋಡಬಹುದು.

ಮನೆಯಂಗಳದಲ್ಲಿ ಈ ಕೆಲಸಕ್ಕೆ ತೊಡಗುವವರು ಸಮನಾದ ನೆಲದ ಮೇಲೆ ಗಾಡಿಯನ್ನು ನಡುವಿನ ಸ್ಟ್ಯಾಂಡಿಗೆ ಹಾಕಿ, ಎಂಜಿನ್ನಿನ ಕೆಳಗೆ ಮರದ ದಿಮ್ಮಿಯನ್ನಿಟ್ಟು ಮುಂಗಾಲಿಯನ್ನು ನೆಲದಿಂದ ಎತ್ತತಕ್ಕದ್ದು. ಜೊತೆಗೆ ಇನ್ನೊಬ್ಬರಿದ್ದರೆ ಲೇಸು. ಬಿರಿಯ ಕೇಬಲನ್ನೂ ಸ್ಪೀಡೋಮೀಟರಿನ ಕೇಬಲನ್ನೂ ಬಿಡಿಸಿ, ಆಕ್ಸಲಿನ ನಟ್ಟನ್ನು ತೆಗೆದು, ಆಕ್ಸಲನ್ನು ಎಳೆದರೆ ಗಾಲಿ ಕೈಗೆ ಬರುತ್ತದೆ. ತೊಳಸು ತಿರುಪುಗಳು ಯಾವ ಕ್ರಮದಲ್ಲಿ ಬಂದವೋ ಅದೇ ಕ್ರಮದಲ್ಲಿ ಬಟ್ಟೆಯ ಮೇಲೆ ಜೋಡಿಸಿಟ್ಟರೆ ಮುಂದೆ ತಡಕಾಡಬೇಕಿಲ್ಲ.

ಒಳಗೆ ಕಪ್ಪು ಧೂಳು ತುಂಬಿರುತ್ತದೆ. ಅದನ್ನು ಬಾಯಿಂದ ಊದಲೇ ಕೂಡದು. ಹಳೆಯ ಲೈನರುಗಳಲ್ಲಿ ಕಲ್ನಾರು ಸೇರಿರುವುದುಂಟು. ಅದು ಶ್ವಾಸಕೋಶಕ್ಕೆ ಹೊಕ್ಕರೆ ಕ್ಯಾನ್ಸರಿಗೆ ಕಾರಣವಾಗಬಲ್ಲದು. ಮೂಗಿಗೆ ಬಟ್ಟೆ ಕಟ್ಟಿ, ಸಾಬೂನು ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸುವುದೇ ಸರಿ. ಸೀಮೆಎಣ್ಣೆ ಬೇಡ, ಅದು ಉಳಿಸುವ ಜಿಡ್ಡು ಹೊಸ ಶೂವನ್ನು ಮೊದಲ ದಿನವೇ ಕೆಡಿಸುತ್ತದೆ.

ಶೂಗಳೆರಡನ್ನೂ ಒಟ್ಟಿಗೆ, ಪುಸ್ತಕವನ್ನು ಮುಚ್ಚುವಂತೆ ಮಡಿಚಿ ಮೇಲೆತ್ತಿದರೆ ಸ್ಪ್ರಿಂಗಿನ ಬಿಗಿ ತಪ್ಪಿ ಬಿಡುಗಡೆಯಾಗುತ್ತವೆ. ಹೊಸವನ್ನು ಕೂರಿಸುವುದೂ ಇದೇ ಉಪಾಯದಿಂದ. ಒಂದೇ ಶೂ ಸವೆದಂತೆ ಕಂಡರೂ ಜೋಡಿಯನ್ನೇ ಬದಲಿಸಬೇಕು. ಡ್ರಮ್ಮು ತಿರುಗುವ ದಿಕ್ಕು ಒಂದು ಶೂವನ್ನು ತನ್ನೆಡೆಗೆ ಎಳೆದುಕೊಳ್ಳುವುದರಿಂದ ಅದು ಇನ್ನೊಂದಕ್ಕಿಂತ ಬೇಗ ಸವೆಯುವುದು ಸಹಜ. ಕ್ಯಾಮಿಗೂ ಗೂಟಕ್ಕೂ ಉಗುರಿನ ತುದಿಯಷ್ಟು ಗ್ರೀಸು ಸಾಕು, ಲೈನರಿಗೆ ತಗುಲಬಾರದು. ಡ್ರಮ್ಮಿನ ಒಳಮೈ ಗೀರುಬಿದ್ದು ಆಳವಾಗಿದ್ದರೆ ಕೆಲಸವನ್ನು ಅಲ್ಲಿಗೇ ನಿಲ್ಲಿಸಿ, ಬಲ್ಲ ಮೆಕ್ಯಾನಿಕನಿಗೆ ತೋರಿಸುವುದು ವಿವೇಕ.

ಮರುಜೋಡಣೆಯಲ್ಲಿ ಪ್ರಾಣಾಂತಿಕವಾದ ಒಂದು ತಪ್ಪಿಗೆ ಎಡೆಯಿದೆ. ಫೋರ್ಕಿನ ಕಾಲಿನಲ್ಲಿ ಒಂದು ಗಟ್ಟಿ ಉಬ್ಬೂ ಫಲಕದಲ್ಲಿ ಅದಕ್ಕೆ ತಕ್ಕ ಕಚ್ಚೂ ಇರುತ್ತವೆ. ಕೆಲವು ಹಳೆಯ ಗಾಡಿಗಳಲ್ಲಿ ಇವಕ್ಕೆ ಬದಲಾಗಿ ಉಕ್ಕಿನ ಪಟ್ಟಿಯಿರುತ್ತದೆ. ಬಿರಿ ಹಿಡಿದಾಗ ಫಲಕವು ಗಾಲಿಯೊಡನೆ ಸುತ್ತದಂತೆ ತಡೆಯುವುದು ಈ ಕೂಡುವಿಕೆಯೊಂದೇ. ಅದು ಕೂಡದೆ ಗಾಲಿಯನ್ನು ಬಿಗಿದರೆ ನಿಂತಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತದೆ; ರಸ್ತೆಯಲ್ಲಿ ಮೊದಲ ಸಲ ಬಿರಿ ಹಿಡಿದಾಗ ಫಲಕ ಸುತ್ತಿ, ಕೇಬಲು ಸುರುಳಿಕೊಂಡು, ಗಾಲಿ ಒಮ್ಮೆಲೇ ಕಚ್ಚಿ ನಿಲ್ಲಬಹುದು. ಆದುದರಿಂದ ನಟ್ಟನ್ನು ಬಿಗಿಯುವ ಮುನ್ನ ಕಣ್ಣಿನಿಂದಲೂ ಬೆರಳಿನಿಂದಲೂ ಈ ಜಾಗವನ್ನು ಪರೀಕ್ಷಿಸತಕ್ಕದ್ದು. ಬಳಿಕ ಲಿವರನ್ನು ಹಿಡಿದುಕೊಂಡೇ ನಟ್ಟು ಬಿಗಿದರೆ ಫಲಕ ಡ್ರಮ್ಮಿನ ನಡುವಿಗೆ ಸರಿಯಾಗಿ ಕೂರುತ್ತದೆ. ನಟ್ಟಿಗೆ ಸೀಳುಪಿನ್ನಿದ್ದರೆ ಹೊಸದನ್ನೇ ಹಾಕಬೇಕು; ನಾಲ್ಕಾಣೆಯ ಉಳಿತಾಯಕ್ಕೆ ಇದು ಜಾಗವಲ್ಲ.

2019ರ ಏಪ್ರಿಲ್ 1ರಿಂದ 125 ಸಿ.ಸಿ.ವರೆಗಿನ ಹೊಸ ಗಾಡಿಗಳಲ್ಲಿ ಎರಡು ಬಿರಿಗಳನ್ನೂ ಒಂದುಗೂಡಿಸುವ ವ್ಯವಸ್ಥೆ ಅಥವಾ ಎ.ಬಿ.ಎಸ್. ಕಡ್ಡಾಯವಾಯಿತು. ಒಂದುಗೂಡಿಸಿದ ಕಡೆ ಪೆಡಲಿನಿಂದ ಮುಂಗಾಲಿಗೂ ಸಂಪರ್ಕವಿರುವುದರಿಂದ, ಅದನ್ನು ಹೊಂದಿಸುವ ಕ್ರಮಕ್ಕೆ ಗಾಡಿಯ ಕೈಪಿಡಿಯೇ ಪ್ರಮಾಣ. ಡಿಸ್ಕಿನ ಬಿರಿಯಲ್ಲಿ ಪ್ಯಾಡು ಬದಲಿಸುವುದು ಇನ್ನೂ ಸುಲಭ. ಆದರೆ ಪ್ಯಾಡುಗಳು ಹೊರಗಿರುವಾಗ ಲಿವರನ್ನು ಹಿಡಿಯಬಾರದು, ಮತ್ತು ಹೊಸವನ್ನು ಹಾಕಿದ ಮೇಲೆ ಲಿವರು ಗಟ್ಟಿಯಾಗುವವರೆಗೆ ಹಲವು ಸಲ ಒತ್ತದೆ ಗಾಡಿಯನ್ನು ಹೊರಡಿಸಬಾರದು.

ಡ್ರಮ್ಮಿನ ಬಿರಿಗೆ ಕೊನೆಯ ಕೆಲಸ ಹೊಂದಾಣಿಕೆ. ಲಿವರಿನ ತುದಿಯಲ್ಲಿ ಸಾಮಾನ್ಯವಾಗಿ 10ರಿಂದ 20 ಮಿಲಿಮೀಟರು ಸಡಿಲವಿರಬೇಕು. ಕೈಬಿಟ್ಟಾಗ ಗಾಲಿ ಉಜ್ಜದೆ ತಿರುಗಬೇಕು. ಹೊಸ ಶೂಗಳು ಡ್ರಮ್ಮಿನ ಮೈಗೆ ಒಗ್ಗಿಕೊಳ್ಳುವವರೆಗೆ ಅವುಗಳ ಹಿಡಿತ ಪೂರ್ಣವಾಗಿರುವುದಿಲ್ಲ. ಮೊದಲು ಜನಸಂಚಾರವಿಲ್ಲದ ಸಮತಟ್ಟು ರಸ್ತೆಯಲ್ಲಿ ನಿಧಾನವಾಗಿ ಓಡಿಸಿ, ಮೆಲ್ಲಮೆಲ್ಲನೆ ಹಿಡಿದು ಬಿಟ್ಟು ನೋಡಬೇಕು; ಬೆಟ್ಟದ ಪ್ರಯಾಣವನ್ನು ಕೆಲವು ದಿನ ಮುಂದಕ್ಕೆ ಹಾಕಬೇಕು. ಒಗ್ಗಿದ ಮೇಲೆ ಲಿವರಿನ ಸಡಿಲ ಹೆಚ್ಚಿರುತ್ತದೆ. ಆಗ ಕೇಬಲಿನ ನಟ್ಟನ್ನು ಇನ್ನೊಮ್ಮೆ ತಿರುವಿ ಸರಿಪಡಿಸಬೇಕು.